ಕುಂಗ್ ಫು ವೀಡಿಯೊ ನೋಡುವಾಗ ನಾನು ಹುಡುಕುವುದು

ನಾನು ಕಲಿಸುವುದು ವಿಂಗ್ ಚುನ್. ದಕ್ಷಿಣ ಚೀನಾದ ಫೋಶಾನ್‌ನಲ್ಲಿ ಬೆಳೆದು, ಹಾಂಗ್‌ಕಾಂಗ್ ಮೂಲಕ ಜಗತ್ತಿಗೆಲ್ಲ ಹರಡಿದ ಕುಂಗ್ ಫು ಶೈಲಿ ಇದು. ಈಗ ಕಲಿಯಲು ಬರುವ ಹುಡುಗರಲ್ಲಿ ಬಹಳಷ್ಟು ಮಂದಿ ಮೊದಲ ಪಾಠವನ್ನು ಮೊಬೈಲಿನಲ್ಲೇ ಮುಗಿಸಿಕೊಂಡು ಬಂದಿರುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಹತ್ತಿರದಲ್ಲಿ ಒಳ್ಳೆಯ ಗುರು ಸಿಗದ ಊರುಗಳೇ ಹೆಚ್ಚು. ಆದರೆ "ಮಾಸ್ಟರ್, ಈ ವೀಡಿಯೊ ಚೆನ್ನಾಗಿದೆಯಾ?" ಎಂದು ಅವರು ಕೇಳಿದಾಗ ಹೌದು, ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳಲು ಆಗುವುದಿಲ್ಲ. ಕಲಿಸುತ್ತ, ನೋಡುತ್ತ ನನಗೆ ಗಟ್ಟಿಯಾದ ಕೆಲವು ಸಂಗತಿಗಳನ್ನು ಇಲ್ಲಿ ಬರೆದಿದ್ದೇನೆ.

1. ಪ್ರದರ್ಶನ ಬೇರೆ, ಪಾಠ ಬೇರೆ

ವಿಂಗ್ ಚುನ್ ಕಲಿಯುವವರೆಲ್ಲ ಒಮ್ಮೆಯಾದರೂ ನೋಡುವ ಹಳೆಯ ಚಿತ್ರವೊಂದಿದೆ. 1972ರಲ್ಲಿ, ತೀರಿಕೊಳ್ಳುವ ಸ್ವಲ್ಪ ಕಾಲ ಮುಂಚೆ, ವಿಂಗ್ ಚುನ್ ಗುರು ಇಪ್ ಮ್ಯಾನ್ ಸಿಯು ನಿಮ್ ತಾವ್, ಚುಮ್ ಕಿಯು ಮತ್ತು ಮರದ ಬೊಂಬೆಯ ವರಸೆಗಳನ್ನು ಮಾಡಿ ತೋರಿಸಿದರು. ಆಗ ಅವರಿಗೆ 79 ವರ್ಷ, ಗಂಟಲು ಕ್ಯಾನ್ಸರ್. ಮೈಯಲ್ಲಿ ಕಸುವಿಲ್ಲ. ಆದರೂ ಮೊಣಕೈ ಎಲ್ಲಿರಬೇಕೋ ಅಲ್ಲೇ ಇದೆ. ವಿಂಗ್ ಚುನ್‌ನ ಮಟ್ಟಿಗೆ ಇದಕ್ಕಿಂತ ಬೆಲೆಬಾಳುವ ದಾಖಲೆ ನನಗೆ ಗೊತ್ತಿಲ್ಲ.

ಆದರೆ ಹೊಸಬನಿಗೆ ಅದರಿಂದ ಏನೂ ಸಿಗುವುದಿಲ್ಲ. ಅದರಲ್ಲಿ ಮಾತಿಲ್ಲ, ವಿವರಣೆಯಿಲ್ಲ, ಈ ಕೈ ಯಾಕೆ ಇಲ್ಲಿಗೆ ಬಂತು ಎಂದು ಹೇಳುವವರಿಲ್ಲ. ಅದೇ ವರಸೆಯನ್ನು ಹಲವು ವರ್ಷ ಮಾಡಿದವನು ನೋಡಿದರೆ ಪ್ರತಿ ಸಲವೂ ಹೊಸದೊಂದು ಕಾಣುತ್ತದೆ. ಹಾಗಾಗಿ ವೀಡಿಯೊದಲ್ಲಿರುವವರ ಕೈಚಳಕ ನೋಡಿ ಅವರು ಚೆನ್ನಾಗಿ ಕಲಿಸುತ್ತಾರೆ ಎಂದು ತೀರ್ಮಾನಿಸಬೇಡಿ. ಅವರಿಗೆ ಬರುತ್ತದೆಯೇ ಎನ್ನುವುದು ಒಂದು ಪ್ರಶ್ನೆ, ನಿಮಗೆ ಬರುವಂತೆ ಮಾಡುತ್ತಾರೆಯೇ ಎನ್ನುವುದು ಇನ್ನೊಂದು.

2. ತಪ್ಪನ್ನು ತೋರಿಸಿ ತಿದ್ದುತ್ತಾರೆಯೇ?

ನನ್ನ ಪಾಲಿಗೆ ಎಲ್ಲಕ್ಕಿಂತ ದೊಡ್ಡ ಪರೀಕ್ಷೆ ಇದು. ಬಾಂಗ್ ಸಾವ್ ಎಂಬ ಕೈಯನ್ನೇ ತೆಗೆದುಕೊಳ್ಳಿ. ಮೊಣಕೈ ಮೇಲೆ, ಮಣಿಕಟ್ಟು ಕೆಳಗೆ, ಮುಂಗೈ ಓರೆಯಾಗಿ ದೇಹದ ನಡುಗೆರೆಯನ್ನು ಕಾಯುತ್ತಿರುತ್ತದೆ. ನೋಡಿದರೆ ಅರ್ಧ ನಿಮಿಷದಲ್ಲಿ ನಕಲು ಮಾಡಬಹುದು. ಆದರೆ ಮೊಣಕೈ ಎತ್ತಿದ ಕೂಡಲೇ ಹೊಸಬರ ಭುಜವೂ ಕಿವಿಯ ಕಡೆ ಏರುತ್ತದೆ. ಭುಜ ಏರಿದರೆ ಕೈ ಬಿಗಿಯುತ್ತದೆ. ಬಿಗಿದ ಕೈಯನ್ನು ಎದುರಾಳಿ ಒತ್ತಿದರೆ ಆ ಒತ್ತಡ ನೇರವಾಗಿ ಬೆನ್ನಿಗಿಳಿದು ನಿಂತ ನಿಲುವೇ ಅಲುಗುತ್ತದೆ. ಇನ್ನು ಕೆಲವರ ಮೊಣಕೈ ಪಕ್ಕಕ್ಕೆ, ಹಿಂದಕ್ಕೆ ಸರಿಯುತ್ತದೆ. ಆಗ ಎದೆ ಪೂರ್ತಿ ಬಯಲು.

ಒಳ್ಳೆಯ ಶಿಕ್ಷಕರಿಗೆ ಈ ಎರಡೂ ತಪ್ಪುಗಳು ಬರುವುದು ಮೊದಲೇ ಗೊತ್ತಿರುತ್ತದೆ. ನೂರಾರು ಭುಜಗಳ ಮೇಲೆ ಕೈಯಿಟ್ಟು ಇಳಿಸಿದವರಿಗೆ ಮಾತ್ರ ಬರುವ ತಿಳಿವಳಿಕೆ ಅದು. ಅಂಥವರ ವೀಡಿಯೊದಲ್ಲಿ ಒಬ್ಬ ಶಿಷ್ಯ ಇರುತ್ತಾನೆ, ಅವನು ತಪ್ಪುತ್ತಾನೆ, ಗುರು ನಿಲ್ಲಿಸಿ ತಿದ್ದುತ್ತಾರೆ, ಶಿಷ್ಯ ಮತ್ತೆ ಮಾಡುತ್ತಾನೆ. ಶಿಷ್ಯ ಇಲ್ಲದಿದ್ದರೂ ಚಿಂತೆಯಿಲ್ಲ. "ನಿಮ್ಮ ಭುಜ ಈಗ ಮೇಲೆದ್ದಿರುತ್ತದೆ, ಇಳಿಸಿ" ಎಂದು ಗುರುವೇ ಹೇಳಿದರೆ ಸಾಕು. ನಮ್ಮ ಗರಡಿಯಲ್ಲಿ ಉಸ್ತಾದರು ಪಟ್ಟು ತೋರಿಸುವುದು ಒಂದು ಸಲ, ತಿದ್ದುವುದು ದಿನವಿಡೀ. ವೀಡಿಯೊ ಕೈಹಿಡಿದು ತಿದ್ದಲಾರದು. ಆದರೆ ನೀವು ಎಲ್ಲಿ ಎಡವುತ್ತೀರಿ ಎಂದು ಮುಂಚೆಯೇ ಹೇಳಬಲ್ಲದು. ಅಷ್ಟನ್ನೂ ಹೇಳದ ವೀಡಿಯೊವನ್ನು ನಾನು ಪಾಠವೆಂದು ಒಪ್ಪುವುದಿಲ್ಲ.

3. ನಿಧಾನವಾದ ಭಾಗವನ್ನು ಕತ್ತರಿಸಿದ್ದಾರೆಯೇ?

ಸಿಯು ನಿಮ್ ತಾವ್‌ನ ಮೊದಲ ಭಾಗದಲ್ಲಿ ಫೂಕ್ ಸಾವ್ ಎಂಬ ಕೈಯನ್ನು ಮೂರು ಸಲ, ಬಹಳ ನಿಧಾನವಾಗಿ ಮುಂದೆ ತಳ್ಳಬೇಕು. ಕೈ ಮುಂದೆ ಹೋಗುವಾಗ ಮೊಣಕೈ ನಡುಗೆರೆಯತ್ತ ಒಳಗೇ ಉಳಿಯಬೇಕು. ನೋಡುವವರಿಗೆ ಇಲ್ಲಿ ಏನೂ ನಡೆಯುತ್ತಿಲ್ಲ ಎನಿಸುತ್ತದೆ. ಆದರೆ ವಿಂಗ್ ಚುನ್‌ನ ಗುದ್ದಿಗೆ ಬಲ ಬರುವುದು ಇಲ್ಲಿ ಪಳಗಿದ ಮೊಣಕೈಯಿಂದಲೇ. ಈ ಭಾಗಕ್ಕೆ ಬಂದಾಗ ವೀಡಿಯೊ ಓಡಿದರೆ, ಹಿನ್ನೆಲೆ ಸಂಗೀತ ಏರಿದರೆ, "ಇದನ್ನೇ ಮೂರು ಸಲ ಮಾಡಿ" ಎಂದಷ್ಟೇ ಹೇಳಿ ಮುಂದಿನ ಕೈಗೆ ಹಾರಿದರೆ, ಅಲ್ಲಿಗೇ ನಿಲ್ಲಿಸಿಬಿಡಿ.

4. ಜೊತೆಗಾರನ ಮೇಲೆ ಕಣ್ಣಿಡಿ

ಎಲ್ಲರೂ ಗುರುವನ್ನೇ ನೋಡುತ್ತಾರೆ. ನಾನು ಎದುರಿಗಿರುವವನನ್ನು ನೋಡುತ್ತೇನೆ. ಅವನು ಒಂದು ಗುದ್ದು ಹಾಕಿ, ಕೈಯನ್ನು ಗಾಳಿಯಲ್ಲೇ ಬಿಟ್ಟು ನಿಂತಿದ್ದಾನೆಯೇ? ಗುರು ಮುಟ್ಟುವ ಮೊದಲೇ ಬೀಳಲು ಸಿದ್ಧನಾಗಿದ್ದಾನೆಯೇ? ಚಿ ಸಾವ್‌ನಲ್ಲಿ, ಅಂದರೆ ಇಬ್ಬರ ಕೈಗಳೂ ಅಂಟಿಕೊಂಡು ಉರುಳುವ ಅಭ್ಯಾಸದಲ್ಲಿ, ಇದು ಚೆನ್ನಾಗಿ ಗೊತ್ತಾಗುತ್ತದೆ. ಜೊತೆಗಾರನ ಕೈಯಲ್ಲಿ ಮುಂದೊತ್ತುವ ಬಲವಿದ್ದರೆ, ಗುರು ತಮ್ಮ ಕೈ ತೆಗೆದ ಕೂಡಲೇ ಅವನ ಕೈ ತಾನಾಗಿ ಎದೆಯತ್ತ ನುಗ್ಗಬೇಕು. ಹಾಗೆ ನುಗ್ಗದೆ ತೂಗಾಡುತ್ತಿದ್ದರೆ ಅದು ಒಪ್ಪಂದದ ಆಟ.

ಚೀನಾದ ಸರ್ಕಾರಿ ದೂರದರ್ಶನದ ಕಾರ್ಯಕ್ರಮವೊಂದರಲ್ಲಿ ವೇಯ್ ಲೇಯ್ ಎಂಬ ತೈಜಿ ಗುರುವನ್ನು ತೋರಿಸಿದ್ದರು. ಅವರ ಅಂಗೈ ಮೇಲೆ ಕೂತ ಪಾರಿವಾಳ ಹಾರಲಾರದು, ಅವರ ಏಟಿಗೆ ಕಲ್ಲಂಗಡಿಯ ಸಿಪ್ಪೆ ಹಾಗೇ ಉಳಿದು ಒಳಗಿನ ತಿರುಳು ಮಾತ್ರ ನುಚ್ಚಾಗುತ್ತದೆ ಎಂಬುದು ಅಲ್ಲಿನ ಪ್ರದರ್ಶನ. 2017ರ ಏಪ್ರಿಲ್‌ನಲ್ಲಿ ಚೆಂಗ್ಡು ನಗರದಲ್ಲಿ ಮಿಶ್ರ ಸಮರಕಲೆಯ ಷು ಷಿಯಾವೊಡೊಂಗ್ ಎದುರು ಅವರು ನಿಂತರು. ಆ ಪಂದ್ಯ ಅರ್ಧ ನಿಮಿಷವೂ ನಡೆಯಲಿಲ್ಲ, ವೇಯ್ ಲೇಯ್ ಸೋತರು. ಅದನ್ನು ನೋಡಿ ತೈಜಿಯೇ ಸುಳ್ಳು ಎಂದವರು ಅನೇಕರು. ಆ ಮಾತನ್ನು ನಾನು ಒಪ್ಪುವುದಿಲ್ಲ. ಅಲ್ಲಿ ಸೋತದ್ದು ಪಾರಿವಾಳ, ಕಲ್ಲಂಗಡಿಗಳಂಥ ಸಾಕ್ಷಿ. ಎದುರು ನಿಂತು ಅಡ್ಡಗಟ್ಟುವ ಮನುಷ್ಯನಿಲ್ಲದ ಸಾಕ್ಷಿ.

ನಿಜವಾದ ಪ್ರತಿರೋಧ ಹೇಗೆ ಕಾಣುತ್ತದೆ ಎಂದು ತಿಳಿಯಬೇಕಿದ್ದರೆ 1954ರಲ್ಲಿ ಮಕಾವ್‌ನಲ್ಲಿ ನಡೆದ ಪಂದ್ಯದ ಹಳೆಯ ಚಿತ್ರ ನೋಡಿ. ವೂ ಶೈಲಿಯ ತೈಜಿ ಗುರು ವೂ ಗೊಂಗ್‌ಯಿ, ಬಿಳಿ ಕೊಕ್ಕರೆ ಶೈಲಿಯ ಚಾನ್ ಹಾಕ್ ಫು, ಇಬ್ಬರೂ ಹೆಸರಾಂತರು. ಅದರಲ್ಲಿ ಚೆಂದದ ವರಸೆಗಳಿಲ್ಲ. ತಡಕಾಟ, ಬೀಸುಗೈ, ಹಿಂದೆ ಸರಿಯುವುದು ಇಷ್ಟೇ. ಪಂದ್ಯ ಗೆಲುವು ಸೋಲಿನ ತೀರ್ಪಿಲ್ಲದೆ ಮುಗಿಯಿತು. ಆದ್ದರಿಂದ ಅಭ್ಯಾಸದ ವೀಡಿಯೊದಲ್ಲಿ ಗುರುವಿನ ತಂತ್ರ ಒಮ್ಮೆ ಕೈಕೊಟ್ಟು, ಅವರು ತಕ್ಷಣ ಇನ್ನೊಂದಕ್ಕೆ ಹೊರಳಿದ್ದು ಕಂಡರೆ ನನಗೆ ಅವರ ಮೇಲೆ ನಂಬಿಕೆ ಹೆಚ್ಚುತ್ತದೆ.

5. ಪಾದ ಕಾಣಬೇಕು

ಕೈಯಷ್ಟೇ ತೋರಿಸುವ ಚೌಕಟ್ಟು ಕುಂಗ್ ಫುಗೆ ಸಾಲದು. ಬಲ ಹುಟ್ಟುವುದು ನೆಲದಲ್ಲಿ. ತೈಜಿ ವೀಡಿಯೊಗಳಲ್ಲಿ ಸಡಿಲ ರೇಷ್ಮೆ ಷರಾಯಿ ಚೆಂದ ಕಾಣುತ್ತದೆ, ಆದರೆ ಯಾವ ಕಾಲಿನ ಮೇಲೆ ಭಾರವಿದೆ ಎಂಬುದನ್ನು ಮುಚ್ಚಿಬಿಡುತ್ತದೆ. ಹಿಂದಿನಿಂದಲೂ ಚಿತ್ರೀಕರಿಸಿದ್ದರೆ ಅದು ಕಲಿಯುವವರನ್ನು ನೆನೆದು ಮಾಡಿದ ವೀಡಿಯೊ. ಎಡ ಬಲದ ಗೊಂದಲ ಅಲ್ಲಿಗೇ ಮುಗಿಯುತ್ತದೆ.

6. ವೇಗಕ್ಕೆ ಮಾರುಹೋಗಬೇಡಿ

ಹಾಂಗ್‌ಕಾಂಗ್ ಸಿನಿಮಾಗಳಲ್ಲಿ ಹೊಡೆದಾಟವನ್ನು ಕಡಿಮೆ ಫ್ರೇಮುಗಳಲ್ಲಿ ಚಿತ್ರೀಕರಿಸಿ, ಪರದೆಯ ಮೇಲೆ ಮಾಮೂಲು ವೇಗದಲ್ಲಿ ಓಡಿಸಿ, ಏಟುಗಳು ಚುರುಕಾಗಿ ಕಾಣುವಂತೆ ಮಾಡುವ ರೂಢಿಯಿತ್ತು. ಈಗ ಅದೇ ಕೆಲಸ ಮೊಬೈಲಿನಲ್ಲೇ ಆಗುತ್ತದೆ. ಉಟ್ಟ ಬಟ್ಟೆ, ತಲೆಗೂದಲು ಅಲುಗುವ ರೀತಿ ಅಸಹಜವೆನಿಸಿದರೆ ಅನುಮಾನಪಡಿ.

7. ಇತಿಹಾಸ ಹೇಳುವಾಗ ಎಷ್ಟು ಜಾಗ್ರತೆ ಇದೆ?

ದಕ್ಷಿಣ ಭಾರತದಿಂದ ಹೋದ ಬೋಧಿಧರ್ಮನೇ ಚೀನಾದ ಶಾವೊಲಿನ್ ಬೌದ್ಧ ಮಠದಲ್ಲಿ ಕುಂಗ್ ಫು ಹುಟ್ಟುಹಾಕಿದ ಎಂಬ ಮಾತು ನಮಗೆ ಹಿತವೆನಿಸುತ್ತದೆ. ಹಾಗಾಗಿಯೇ ಇಲ್ಲಿನ ಬಹಳಷ್ಟು ವೀಡಿಯೊಗಳು ಅದರಿಂದಲೇ ಶುರುವಾಗುತ್ತವೆ. ಆದರೆ ಈ ಕಥೆಗೆ ಆಧಾರವಾದ ಯಿಜಿನ್ ಜಿಂಗ್ ಎಂಬ ವ್ಯಾಯಾಮ ಗ್ರಂಥ 1624ರದು, ಅಂದರೆ ಬೋಧಿಧರ್ಮನಿಗಿಂತ ಸಾವಿರ ವರ್ಷ ಈಚಿನದು. ಚೀನಾದ ಇತಿಹಾಸಕಾರ ತಾಂಗ್ ಹಾವೊ 20ನೇ ಶತಮಾನದ ಮೊದಲರ್ಧದಲ್ಲೇ ಈ ಕಥೆಯನ್ನು ಪರಿಶೀಲಿಸಿ ತಳ್ಳಿಹಾಕಿದ್ದರು. ಶಾವೊಲಿನ್ ಭಿಕ್ಷುಗಳು 621ರಲ್ಲಿ ತಾಂಗ್ ವಂಶದ ರಾಜಕುಮಾರ ಲೀ ಶಿಮಿನ್‌ಗೆ ಯುದ್ಧದಲ್ಲಿ ನೆರವಾದದ್ದಕ್ಕೆ 728ರ ಶಿಲಾಶಾಸನವಿದೆ. ಆ ಮಠ ಕಟ್ಟಿದ್ದು ಬಾತುವೊ ಎಂಬ ಭಾರತೀಯ ಭಿಕ್ಷುವಿಗಾಗಿ ಎಂಬುದೂ ದಾಖಲಾಗಿದೆ. ನಮ್ಮ ನಂಟಿಗೆ ಅಷ್ಟೇ ಸಾಲದೇ? ದಂತಕಥೆಯನ್ನು ದಂತಕಥೆ ಎಂದೇ ಹೇಳುವ ಗುರು, ಮುಂದೆ ಬರುವ ಮಂಡಿಯ ವಿಷಯದಲ್ಲೂ ನನಗೆ ಸುಳ್ಳು ಹೇಳಲಾರರು ಎಂಬ ಧೈರ್ಯ ಬರುತ್ತದೆ.

8. "ನಮ್ಮಲ್ಲಿ ಹೀಗೆ ಮಾಡುತ್ತೇವೆ"

ಇಪ್ ಮ್ಯಾನ್ ಶಿಷ್ಯರೇ ಒಂದೇ ರೀತಿ ಕಲಿಸಲಿಲ್ಲ. ಲಿಯುಂಗ್ ಟಿಂಗ್ ಪದ್ಧತಿಯಲ್ಲಿ ಪೂರ್ತಿ ಭಾರ ಹಿಂಗಾಲಿನ ಮೇಲಿರುತ್ತದೆ. ಬೇರೆ ಕೆಲವು ಶಾಖೆಗಳಲ್ಲಿ ಎರಡೂ ಕಾಲಿಗೆ ಹಂಚುತ್ತಾರೆ. ಎರಡಕ್ಕೂ ಅದರದೇ ತರ್ಕವಿದೆ. ತಮ್ಮದು ಯಾವ ಶಾಖೆ, ಅದರಲ್ಲಿ ಹೀಗೇಕೆ ಎಂದು ವೀಡಿಯೊದಲ್ಲಿ ಹೇಳಿದರೆ ಅದು ಪಾಠ. ಉಳಿದವರದೆಲ್ಲ ತಪ್ಪು, ಅಸಲಿ ವಿದ್ಯೆ ನಮ್ಮಲ್ಲಷ್ಟೇ ಇದೆ ಎಂದರೆ ಅದು ಜಾಹೀರಾತು. ಇನ್ನೊಂದು ಮಾತು: ಬೇರೆ ಬೇರೆ ಶಾಖೆಗಳ ವೀಡಿಯೊಗಳನ್ನು ಕಲಸಿ ಅಭ್ಯಾಸ ಮಾಡಬೇಡಿ. ಮೊದಲ ವರ್ಷದ ಮಟ್ಟಿಗಾದರೂ ಒಂದನ್ನೇ ಹಿಡಿಯಿರಿ.

9. ಮಂಡಿಯ ಬಗ್ಗೆ ಏನು ಹೇಳುತ್ತಾರೆ?

ಕುದುರೆ ನಿಲುವಿನಲ್ಲಿ, ಅಂದರೆ ಕಾಲಗಲಿಸಿ ಮಂಡಿ ಬಾಗಿಸಿ ನಿಂತಾಗ, ಮಂಡಿ ಪಾದದ ಬೆರಳುಗಳ ದಿಕ್ಕನ್ನೇ ನೋಡಬೇಕು. ವಿಂಗ್ ಚುನ್‌ನ ನಿಲುವಿನಲ್ಲಿ ಬೆರಳುಗಳು ಒಳಮುಖ, ಮಂಡಿಯೂ ಒಳಮುಖ. ಪಾದ ಹೊರಕ್ಕಿದ್ದು ಮಂಡಿ ಮಾತ್ರ ಒಳಕ್ಕೆ ಬಾಗಿದರೆ ಕೀಲು ತಿರುಚಿಕೊಳ್ಳುತ್ತದೆ. ಮೊದಲ ದಿನವೇ ತೊಡೆ ನೆಲಕ್ಕೆ ಸಮನಾಗಿ ಕೂರಿ ಎನ್ನುವ, ನೋವನ್ನು ನುಂಗಿಕೊಳ್ಳಿ ಎನ್ನುವ ವೀಡಿಯೊಗಳಿಂದ ದೂರವಿರಿ. ತೊಡೆ ಉರಿಯುವುದು ಸಹಜ. ಮಂಡಿಯೊಳಗೆ ಚುಚ್ಚಿದರೆ ಅವತ್ತಿನ ಅಭ್ಯಾಸ ಅಲ್ಲಿಗೆ ನಿಲ್ಲಿಸಬೇಕು. ಈ ವ್ಯತ್ಯಾಸವನ್ನು ಮೊದಲ ಪಾಠದಲ್ಲೇ ಬಾಯಿಬಿಟ್ಟು ಹೇಳುವವರು ಸಿಕ್ಕರೆ ಅವರ ಮುಂದಿನ ಪಾಠಗಳನ್ನೂ ನೋಡಿ. ಆಮೇಲೆ ಮೊಬೈಲನ್ನು ಗೋಡೆಗೊರಗಿಸಿ ನಿಮ್ಮದೇ ನಿಲುವನ್ನು ಮುಂದಿನಿಂದಲೂ ಪಕ್ಕದಿಂದಲೂ ಚಿತ್ರೀಕರಿಸಿ. ಅವರ ವೀಡಿಯೊ ಪಕ್ಕದಲ್ಲಿಟ್ಟು ಭುಜ, ಮೊಣಕೈ, ಮಂಡಿ, ಪಾದ, ಇದೇ ಕ್ರಮದಲ್ಲಿ ಹೋಲಿಸಿ ನೋಡಿ. ಊರಿಗೆ ಬಲ್ಲವರು ಯಾರಾದರೂ ಬಂದಾಗ ಆ ಚಿತ್ರವನ್ನು ಅವರಿಗೆ ತೋರಿಸಿ.