ಸೌರಜ್ವಾಲೆಯ ಬುಡದಲ್ಲಿ ನಡೆಯುವುದೇನು?

ನವಿ ಮುಂಬಯಿಯ ಸೀವುಡ್ಸ್‌ನಲ್ಲಿ ಹಾರ್ಬರ್ ಮಾರ್ಗದ ರೈಲು ಹತ್ತಿ ಪನವೇಲಿನತ್ತ ಹೊರಟರೆ, ಕೊನೆಯ ನಿಲ್ದಾಣದ ಆಸುಪಾಸಿನಲ್ಲಿಯೇ ಭಾರತೀಯ ಭೂಕಾಂತತ್ವ ಸಂಸ್ಥೆಯ ಕೇಂದ್ರ ಕಚೇರಿಯಿದೆ. 1971ರಲ್ಲಿ ಸ್ವಾಯತ್ತತೆ ಪಡೆದ ಈ ಸಂಸ್ಥೆಯ ಮೂಲ 1826ರ ಕೊಲಾಬಾ ವೀಕ್ಷಣಾಲಯ. ಮುಂಬಯಿಯಲ್ಲಿ ವಿದ್ಯುತ್ ಟ್ರಾಮ್ ಓಡಿಸುವ ಯೋಜನೆ ಬಂದಾಗ, ನೆಲಕ್ಕೆ ಸೋರುವ ವಿದ್ಯುತ್ತು ಕಾಂತ ಉಪಕರಣಗಳನ್ನು ಕದಡುವುದೆಂದು ತಿಳಿದು, 1904ರಲ್ಲಿ ಅಲಿಬಾಗದಲ್ಲಿ ಹೊಸ ವೀಕ್ಷಣಾಲಯವನ್ನು ತೆರೆಯಲಾಯಿತು. ಎರಡೂ ಕಡೆ 2 ವರ್ಷ ಏಕಕಾಲಕ್ಕೆ ಅಳತೆ ನಡೆದುದರಿಂದ ದಾಖಲೆಯ ಸರಣಿ ಕಡಿಯಲಿಲ್ಲ.

ಈ ಸರಣಿಯ ಬೆಲೆ ತಿಳಿಯಲು 1859ಕ್ಕೆ ಹೋಗಬೇಕು. ಆ ವರ್ಷದ ಸೆಪ್ಟೆಂಬರ್ 1ರಂದು ಇಂಗ್ಲೆಂಡಿನ ರಿಚರ್ಡ್ ಕ್ಯಾರಿಂಗ್ಟನ್ ಸೂರ್ಯಕಲೆಗಳ ಚಿತ್ರ ಬರೆಯುತ್ತಿದ್ದಾಗ, ಅವುಗಳ ನಡುವೆ ಬಿಳಿಯ ಬೆಳಕು ಹೊಳೆದು ಸುಮಾರು 5 ನಿಮಿಷಗಳಲ್ಲಿ ಆರಿತು. ಹದಿನೇಳೂವರೆ ಗಂಟೆಗಳ ನಂತರ ಭೂಮಿಯಲ್ಲಿ ಕಾಂತ ಚಂಡಮಾರುತವೆದ್ದಿತು. ಕೊಲಾಬಾದಲ್ಲಿ ಕಾಂತಕ್ಷೇತ್ರದ ಸಮತಲ ಘಟಕ ಸುಮಾರು 1,600 ನ್ಯಾನೊಟೆಸ್ಲಾದಷ್ಟು ಕುಸಿಯಿತು. ಈ ದಾಖಲೆಯನ್ನು ಭಾರತೀಯ ಹಾಗೂ ವಿದೇಶೀ ವಿಜ್ಞಾನಿಗಳು ಜೊತೆಗೂಡಿ ವಿಶ್ಲೇಷಿಸಿ 2003ರಲ್ಲಿ ಪ್ರಕಟಿಸಿದರು.

ಕಾಂತಸೂಜಿ ಪರಿಣಾಮವನ್ನು ಹೇಳುತ್ತದೆ. ಕಾರಣವನ್ನು ಸೂರ್ಯನಲ್ಲಿಯೇ ಹುಡುಕಬೇಕು. ನಮ್ಮ ಕಣ್ಣಿಗೆ ಕಾಣುವ ಸೂರ್ಯನ ಮೇಲ್ಮೈ ದ್ಯುತಿಗೋಳ. ಅಲ್ಲಿನ ಉಷ್ಣತೆ ಸುಮಾರು 5,500 ಡಿಗ್ರಿ ಸೆಲ್ಸಿಯಸ್. ಅದರ ಮೇಲೆ ಸುಮಾರು 2,000 ಕಿಲೋಮೀಟರ್ ದಪ್ಪದ ವರ್ಣಗೋಳವಿದೆ. ಇವೆರಡೂ ಸೂರ್ಯನ ಕೆಳ ವಾತಾವರಣ. ಇನ್ನೂ ಮೇಲಿರುವುದು ಹತ್ತು ಲಕ್ಷ ಡಿಗ್ರಿಗೂ ಮೀರಿ ಕಾದ, ಅತಿ ವಿರಳವಾದ ಕರೋನಾ. ಅಲ್ಲಿ ತಿರುಚಿಕೊಂಡ ಕಾಂತರೇಖೆಗಳು ಹಠಾತ್ತನೆ ಕಡಿದು ಬೇರೆ ರೀತಿಯಲ್ಲಿ ಕೂಡಿಕೊಂಡಾಗ, ಕೂಡಿಟ್ಟ ಶಕ್ತಿ ಬಿಡುಗಡೆಯಾಗುತ್ತದೆ. ಇದೇ ಸೌರಜ್ವಾಲೆ. ವೇಗ ಪಡೆದ ಎಲೆಕ್ಟ್ರಾನುಗಳು ಕಾಂತರೇಖೆಗಳ ಗುಂಟ ಕೆಳಗೆ ಧಾವಿಸಿ, ದಟ್ಟವಾದ ವರ್ಣಗೋಳಕ್ಕೆ ಬಡಿಯುತ್ತವೆ. ಬಡಿದ ಜಾಗಗಳು ಬೆಳಗುತ್ತವೆ. ಕಾದ ಅನಿಲ ಮೇಲೆದ್ದು ಕರೋನಾದ ಕಮಾನುಗಳನ್ನು ತುಂಬಿ ಕ್ಷ-ಕಿರಣ ಸೂಸುತ್ತದೆ. ಕ್ಯಾರಿಂಗ್ಟನ್ ಕಂಡದ್ದು ಈ ಪೆಟ್ಟು ಬಿದ್ದ ಬುಡದ ಬೆಳಕನ್ನೇ.

ಆದ್ದರಿಂದ ಜ್ವಾಲೆಯನ್ನು ಪೂರ್ತಿ ಅರಿಯಲು ಒಂದು ದೂರದರ್ಶಕ ಸಾಲದು. ಮೇಲಿನ ಕ್ಷ-ಕಿರಣವನ್ನೂ ಕೆಳಗಿನ ನೇರಳಾತೀತ ಬೆಳಕನ್ನೂ ಏಕಕಾಲಕ್ಕೆ ನೋಡಬೇಕು. ಇವುಗಳಲ್ಲಿ ಹೆಚ್ಚಿನ ಭಾಗವನ್ನು ಭೂಮಿಯ ವಾತಾವರಣ ತಡೆಯುವುದರಿಂದ ಅಂತರಿಕ್ಷಕ್ಕೇ ಹೋಗಬೇಕು. 2023ರ ಸೆಪ್ಟೆಂಬರ್ 2ರಂದು ಹಾರಿಸಿದ ಆದಿತ್ಯ-ಎಲ್1 ನೌಕೆ 2024ರ ಜನವರಿ 6ರಂದು, ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್ ದೂರದ ತನ್ನ ನೆಲೆಯನ್ನು ಸೇರಿತು. ಅದರಲ್ಲಿರುವ ‘ಸೂಟ್’ ಎಂಬ ನೇರಳಾತೀತ ದೂರದರ್ಶಕವು ಪುಣೆಯ ಅಯೂಕಾ ಸಂಸ್ಥೆಯ ನೇತೃತ್ವದಲ್ಲಿ ಸಿದ್ಧವಾದುದು. ಕ್ಷ-ಕಿರಣಗಳನ್ನು ಅಳೆಯುವ ‘ಸೋಲೆಕ್ಸ್’ ಮತ್ತು ‘ಹೀಲಿಯೊಸ್’ ಉಪಕರಣಗಳು ಬೆಂಗಳೂರಿನ ಯು. ಆರ್. ರಾವ್ ಉಪಗ್ರಹ ಕೇಂದ್ರದ ಕೊಡುಗೆ.

ನೆಲೆ ಸೇರಿ ಎರಡು ತಿಂಗಳು ತುಂಬುವ ಮೊದಲೇ ಪರೀಕ್ಷೆ ಎದುರಾಯಿತು. ಫೆಬ್ರವರಿ 22ರಂದು ಎಕ್ಸ್ 6.3 ಶ್ರೇಣಿಯ ಪ್ರಬಲ ಜ್ವಾಲೆ ಎದ್ದಿತು. ಅದು ತಾರಕಕ್ಕೇರಿದಾಗ ಭಾರತದಲ್ಲಿ 23ರ ನಸುಕಿನ 4 ಗಂಟೆ. ಒಂದು ಶತಮಾನಕ್ಕೂ ಮಿಕ್ಕಿ ಸೂರ್ಯನನ್ನು ನೋಡುತ್ತ ಬಂದಿರುವ ಕೊಡೈಕೆನಾಲ್ ವೀಕ್ಷಣಾಲಯಕ್ಕೆ ಅದು ಕಾಣುವಂತಿರಲಿಲ್ಲ. ರಾತ್ರಿಯೇ ಇಲ್ಲದ ನೆಲೆಯಲ್ಲಿದ್ದ ‘ಸೂಟ್’ ಜ್ವಾಲೆಯ ಬುಡದ ಪ್ರಖರ ತಿರುಳನ್ನು ಸೆರೆಹಿಡಿಯಿತು. 200ರಿಂದ 400 ನ್ಯಾನೊಮೀಟರ್ ವ್ಯಾಪ್ತಿಯಲ್ಲಿ ಇಷ್ಟು ವಿವರವಾದ ಚಿತ್ರಗಳು ಹಿಂದೆ ದೊರೆತಿರಲಿಲ್ಲ. ಕೆಳಪದರಗಳು ಬೆಳಗಿದುದಕ್ಕೂ ಕರೋನಾದ ಅನಿಲದ ಉಷ್ಣತೆ ಏರಿದುದಕ್ಕೂ ನೇರ ಸಂಬಂಧ ಕಂಡುಬಂತು. ಈ ಅಧ್ಯಯನ 2025ರಲ್ಲಿ ಪ್ರಕಟವಾಯಿತು.

ಪ್ರಬಲ ಜ್ವಾಲೆ ಎದ್ದಾಗಲೆಲ್ಲ ಕಾಂತ ಚಂಡಮಾರುತ ಬರುತ್ತದೆಂದು ತಿಳಿಯಬಾರದು. ಅದಕ್ಕೆ ಕರೋನಾದಿಂದ ದ್ರವ್ಯದ ಮೋಡವೊಂದು ಸಿಡಿದು ನಮ್ಮತ್ತ ಬರಬೇಕು. 2024ರ ಮೇ 10 ಮತ್ತು 11ರಂದು ಹಾಗಾಯಿತು. ಲಡಾಖಿನ ಹಾನ್ಲೆಯಲ್ಲಿ ಆಕಾಶ ಕೆಂಪೇರಿತು. ಜ್ವಾಲೆಯ ಬೆಳಕು ಎಂಟೂಕಾಲು ನಿಮಿಷಗಳಲ್ಲಿ ಬಂದುಬಿಡುವುದರಿಂದ, ಅದು ಕದಡುವ ಕಿರುತರಂಗ ರೇಡಿಯೊ ಸಂಪರ್ಕಕ್ಕೆ ಮುನ್ಸೂಚನೆ ಕೊಡಲು ಅವಕಾಶವಿಲ್ಲ. ಮೋಡವಾದರೋ ಸಾಮಾನ್ಯವಾಗಿ ಒಂದರಿಂದ ಮೂರು ದಿನ ತೆಗೆದುಕೊಳ್ಳುತ್ತದೆ; ವಿದ್ಯುತ್ ಜಾಲವನ್ನೂ ಉಪಗ್ರಹಗಳನ್ನೂ ಕಾಯುವವರಿಗೆ ಸಿಗುವ ಸಮಯ ಅಷ್ಟೇ.