ಕೋಪದ ವೇಗಕ್ಕೆ ಜಪದ ತಡೆ

ಮಲ, ಮೂತ್ರ, ಸೀನು ಮೊದಲಾದ ದೇಹದ ವೇಗಗಳನ್ನು ತಡೆಯಬಾರದು. ಕ್ರೋಧ, ಶೋಕ, ಭಯ, ಈರ್ಷ್ಯೆ ಮೊದಲಾದ ಮನಸ್ಸಿನ ವೇಗಗಳನ್ನು ತಡೆಯಬೇಕು. ಇದು ಚರಕಸಂಹಿತೆಯ ಸೂತ್ರಸ್ಥಾನದ 7ನೆಯ ಅಧ್ಯಾಯದ ಉಪದೇಶ. ತಡೆಯುವುದೆಂದರೆ ಒಳಗೇ ಅದುಮಿಡುವುದಲ್ಲ, ಮನಸ್ಸಿಗೆ ಬೇರೊಂದು ನೆಲೆ ಕೊಡುವುದೆಂದು ತಿಳಿಯಬೇಕು.

ಇಷ್ಟಲಿಂಗಪೂಜೆಯಲ್ಲಿ ದೃಷ್ಟಿ ಅಂಗೈಯ ಲಿಂಗದಲ್ಲಿ, ನಾಲಗೆ ಷಡಕ್ಷರಿಯಲ್ಲಿ ನೆಲೆಗೊಳ್ಳುವುದರಿಂದ ಮನಸ್ಸು ಚದುರದು. ಉಸಿರು ಬಿಡುತ್ತ ನಿಧಾನವಾಗಿ ‘ಓಂ ನಮಃ ಶಿವಾಯ’ ಎಂದು ಜಪಿಸಿದರೆ ನಿಶ್ವಾಸವು ದೀರ್ಘವಾಗಿ ಎದೆಬಡಿತ ಶಾಂತವಾಗುತ್ತದೆ. ಭಕ್ತರು ಪ್ರಾತಃಕಾಲದ ಪೂಜೆಯಲ್ಲಿ 108 ಬಾರಿ ಜಪಿಸಿ ರೂಢಿಸಿಕೊಳ್ಳಬೇಕು. ಆ ರೂಢಿಯಿದ್ದವರಿಗೆ ಕೋಪ ಬಂದಾಗ, ಮಾತನಾಡುವ ಮೊದಲು, 11 ಬಾರಿಯ ಜಪವೂ ಆಸರೆಯಾಗುತ್ತದೆ.

ದುಃಖ, ನಿದ್ರಾಹೀನತೆಗಳು 2 ವಾರ ಮೀರಿದರೆ ಮನೋವೈದ್ಯರನ್ನು ಕಾಣಬೇಕು. ಜೀವವೇ ಬೇಡವೆನಿಸಿದರೆ ಅಂದೇ ಕಾಣಬೇಕು. ಜಪವಿದೆಯೆಂದು ಔಷಧವನ್ನು ನಿಲ್ಲಿಸಬಾರದು.