ಚಿಹ್ನೆ ಸಿಕ್ಕ ಮೇಲೆ ಉಳಿದ ಹದಿನಾಲ್ಕು ದಿನ

2024ರ ವಿಧಾನಸಭಾ ಚುನಾವಣೆಯಲ್ಲಿ ಮುಂಬಯಿಯ ಪಶ್ಚಿಮ ಉಪನಗರದ ಸಣ್ಣ ಪಕ್ಷವೊಂದರ ಅಭ್ಯರ್ಥಿಯ ಪರ ಓಡಾಡುತ್ತೇನೆ ಎಂದಾಗ, ಊರ ಕಡೆಯವರೆಲ್ಲ ಎತ್ತಿದ್ದು ಒಂದೇ ಹೆಸರು: ಜಾರ್ಜ್ ಫೆರ್ನಾಂಡಿಸ್. ಮಂಗಳೂರಿನಿಂದ ಬಂದವರು 1967ರಲ್ಲಿ ದಕ್ಷಿಣ ಬೊಂಬಾಯಿಯಲ್ಲಿ ಎಸ್.ಕೆ. ಪಾಟೀಲರಂಥವರನ್ನೇ ಮಣಿಸಲಿಲ್ಲವೇ ಮಾರಾಯ್ರೆ? ಮಣಿಸಿದರು. ಆದರೆ ಅವರ ಬೆನ್ನಿಗೆ ಟ್ಯಾಕ್ಸಿಯವರ, ನಗರಪಾಲಿಕೆ ಕಾರ್ಮಿಕರ ಸಂಘಗಳಿದ್ದವು. ನಮಗಿದ್ದದ್ದು ಒಂದು ವಾಟ್ಸ್ಆ್ಯಪ್ ಗುಂಪು. ಅದರಲ್ಲೂ ಅರ್ಧದಷ್ಟು ಮಂದಿ ಬೆಳಗಿನ ಶುಭಾಶಯ ಕಳಿಸುವವರು.

ಠೇವಣಿ 10,000 ರೂಪಾಯಿ. ಸಿಂಧು ಮತಗಳಲ್ಲಿ ಆರನೇ ಒಂದು ಪಾಲು ದಾಟದಿದ್ದರೆ ಅದು ಸರ್ಕಾರಕ್ಕೆ. ಅದರ ಬಗ್ಗೆ ನನಗೆ ತಕರಾರಿಲ್ಲ. ಮಾನ್ಯತೆ ಪಡೆದ ಪಕ್ಷಕ್ಕೆ ಒಬ್ಬ ಸೂಚಕ ಸಾಕು, ನಮಗೆ ಹತ್ತು ಮಂದಿ, ಅದೂ ಅದೇ ಕ್ಷೇತ್ರದ ಮತದಾರರು. ನಾಮಪತ್ರಕ್ಕೆ ಕೊನೆಯ ದಿನ ಅಕ್ಟೋಬರ್ 29, ದೀಪಾವಳಿಯ ಹೊಸ್ತಿಲು. ಊರಿಗೆ ಟಿಕೆಟ್ ಮಾಡಿಸಿಕೊಂಡವರನ್ನು ಹಿಡಿದು ಸಹಿ ಹಾಕಿಸಿದೆವು. ಇದನ್ನೂ ಒಪ್ಪುತ್ತೇನೆ. 2014ರಲ್ಲಿ ಪಕ್ಕದ ರಾಯಗಡದಲ್ಲಿ ಸುನಿಲ್ ತಟ್ಕರೆ 2,110 ಮತಗಳಿಂದ ಸೋತಾಗ, ಅದೇ ಹೆಸರಿನ ಪಕ್ಷೇತರರೊಬ್ಬರು ಅದಕ್ಕಿಂತ ಎಷ್ಟೋ ಹೆಚ್ಚು ಮತ ಪಡೆದಿದ್ದರು. ಜರಡಿ ಬೇಕು.

ನನಗೆ ಅನ್ಯಾಯವೆನಿಸಿದ್ದು ಚಿಹ್ನೆಯ ವಿಷಯ. ನವೆಂಬರ್ 4ಕ್ಕೆ ನಾಮಪತ್ರ ವಾಪಸಾತಿ ಮುಗಿಯಿತು. ನಮ್ಮ ಕೈಗೆ ಹೊಲಿಗೆ ಯಂತ್ರ ಬಂದದ್ದು ಆಮೇಲೆ. ಪ್ರಚಾರಕ್ಕೆ ತೆರೆ ಬಿದ್ದದ್ದು 18ರಂದು. ದೊಡ್ಡ ಪಕ್ಷದ ಚಿಹ್ನೆ ಗೋಡೆ ಮೇಲೆ ವರ್ಷಗಟ್ಟಲೆ ಇರುತ್ತದೆ. ನಮ್ಮದನ್ನು ಮುದ್ರಿಸಬೇಕಾದವನು ಹಬ್ಬದ ರಜೆ ಮುಗಿಸಿ ಇನ್ನೂ ಬಾಗಿಲು ತೆಗೆದಿರಲಿಲ್ಲ. ಶೇಕಡಾ 5ರಷ್ಟು ಕ್ಷೇತ್ರಗಳಲ್ಲಿ ನಿಲ್ಲುವ ಪಕ್ಷ ಮೊದಲೇ ಒಂದೇ ಚಿಹ್ನೆ ಕೇಳಬಹುದು. 288 ಕ್ಷೇತ್ರಗಳ ಮಹಾರಾಷ್ಟ್ರದಲ್ಲಿ ಅಂದರೆ ಹದಿನೈದು ಕಡೆ. ನಮ್ಮ ಪಕ್ಷಕ್ಕೆ ಅಷ್ಟು ಮಂದಿಯೇ ಇರಲಿಲ್ಲ! ಮತಯಂತ್ರದಲ್ಲೂ ಮೊದಲು ಮಾನ್ಯ ಪಕ್ಷಗಳು, ನಂತರ ನಾವು, ಕೊನೆಗೆ ಪಕ್ಷೇತರರು. ನಮ್ಮವರ ಹೆಸರು ಅ-ಕಾರದಿಂದ ಶುರುವಾಗಿಯೂ ಪ್ರಯೋಜನವಾಗಲಿಲ್ಲ.

ಬಾಗಿಲು ತಟ್ಟಿದಲ್ಲೆಲ್ಲ "ವೋಟ್ ಕಟ್ಟರ್" ಎಂಬ ಮಾತು. ಐದು ತಿಂಗಳ ಹಿಂದಷ್ಟೇ ವಾಯವ್ಯ ಮುಂಬಯಿ ಲೋಕಸಭಾ ಕ್ಷೇತ್ರದಲ್ಲಿ ರವೀಂದ್ರ ವಾಯ್ಕರ್ 48 ಮತಗಳಿಂದ ಗೆದ್ದಿದ್ದರು. ಅದನ್ನೇ ನಮ್ಮ ಮುಖಕ್ಕೆ ಹಿಡಿಯುತ್ತಿದ್ದರು. ಅಲ್ಲಿ ನೋಟಾಕ್ಕೆ ಬಿದ್ದದ್ದು 15,000ಕ್ಕೂ ಹೆಚ್ಚು. ನೋಟಾವನ್ನು ಯಾರೂ ಬೈಯ್ಯುವುದಿಲ್ಲ, ಏಕೆಂದರೆ ಅದು ಕರಪತ್ರ ಹಿಡಿದು ಮನೆಗೆ ಬರುವುದಿಲ್ಲ.

ಮತದಾನದ ದಿನ 250ಕ್ಕೂ ಹೆಚ್ಚು ಮತಗಟ್ಟೆಗಳಲ್ಲಿ ನಮ್ಮ ಏಜೆಂಟರಿದ್ದದ್ದು ಬೆರಳೆಣಿಕೆಯ ಕಡೆ. ಎಷ್ಟು ಮತ ಬಿದ್ದವೆಂದು ಬರೆದ 17-ಸಿ ನಮೂನೆಯ ಪ್ರತಿ ಸಿಗುವುದು ಅಲ್ಲಿ ಕುಳಿತ ಏಜೆಂಟರಿಗೆ ಮಾತ್ರ. ಈಗ ಯಾರಾದರೂ ಸಣ್ಣ ಪಕ್ಷದಿಂದ ನಿಲ್ಲುತ್ತೇನೆ ಎಂದು ಸಲಹೆ ಕೇಳಿಕೊಂಡು ಬಂದರೆ ಬ್ಯಾನರಿನ ಮಾತೇ ಎತ್ತುವುದಿಲ್ಲ. ಬೆಳಗ್ಗೆಯಿಂದ ಸಂಜೆವರೆಗೆ ಬೂತಿನಲ್ಲಿ ಕೂರುವವರು ಎಷ್ಟು ಮಂದಿ ಇದ್ದಾರೆ, ಅವರ ಊಟದ ಡಬ್ಬಿ ಯಾರು ತಲುಪಿಸುತ್ತಾರೆ ಎಂದು ಕೇಳುತ್ತೇನೆ.